ಬೇಸ್‌ಮೆಂಟಿನ ಬೆಂಕಿಗೆ ಮೇಷ್ಟ್ರು ಯಾರು?

2019ರ ಜನವರಿ 30ರ ಬೆಳಗ್ಗೆ ಶಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತು. ಊರ ಕಡೆಯ ಲೆಕ್ಕದಲ್ಲಿ ಮೈನಸ್ 30 ಸೆಲ್ಸಿಯಸ್‌ಗಿಂತಲೂ ಒಂದಿಷ್ಟು ಕೆಳಗೆ. ನಮ್ಮ ಮನೆಯ ಗ್ಯಾಸ್ ಫರ್ನೇಸ್ ಹಟ ಹಿಡಿಯಲು ಅದೇ ದಿನವನ್ನು ಆರಿಸಿಕೊಂಡಿತು. ಹೊತ್ತಿಕೊಳ್ಳುವುದು, ಏಳೆಂಟು ಸೆಕೆಂಡ್ ಉರಿಯುವುದು, ನಂದಿಹೋಗುವುದು. ನಾಲ್ಕೈದು ಸಲ ಹೀಗೆ ಆಡಿ, ಕೊನೆಗೆ ಒಂದು ಪುಟ್ಟ ಕೆಂಪು ದೀಪ ಮಿಣುಕಿಸುತ್ತ ಸುಮ್ಮನೆ ಕೂತಿತು.

ಮಧ್ಯಾಹ್ನ ಬಂದ ಹುಡುಗ ಒಳ್ಳೆಯವನೇ. ಬಾಗಿಲ ಬಳಿ ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಒಳಗೆ ಬಂದ. ಟಾರ್ಚ್ ಬಿಟ್ಟು ಫರ್ನೇಸಿನ ಫಲಕದ ಮೇಲಿನ ವರ್ಷ ಓದಿದ. ಹದಿನಾರು ವರ್ಷ ಹಳೆಯದು, ಇದರ ಕಾಲ ಮುಗಿಯಿತು ಎಂದು ಹೇಳಿ, ಹೊಸದಕ್ಕೆ ಎಷ್ಟಾಗುತ್ತದೆ ಎಂಬುದನ್ನು ಟ್ಯಾಬ್ಲೆಟ್ಟಿನಲ್ಲಿ ತೋರಿಸಿದ. ಅವನ ಚೀಲದ ಜಿಪ್ಪು ತೆರೆಯಲೇ ಇಲ್ಲ. ರಾತ್ರಿ ಒಂಬತ್ತಕ್ಕೆ ಬೇರೆ ಕಡೆಯಿಂದ ಬಂದವರಿಗೆ ಅರುವತ್ತರ ಆಸುಪಾಸು. ಅವರು ಬಕೆಟ್ಟೊಂದನ್ನು ಬೋರಲು ಹಾಕಿ ಕೂತು, ಏನನ್ನೂ ಮುಟ್ಟದೆ, ಫರ್ನೇಸ್ ಒಂದು ಸುತ್ತು ಪೂರ್ತಿ ನಡೆಯುವುದನ್ನು ನೋಡಿದರು. ಆಮೇಲೆ ಮೀಟರ್ ತೆಗೆದು ಒಂದು ತಂತಿಗೆ ಸಿಕ್ಕಿಸಿದರು. 0.4 ಮೈಕ್ರೋಆಂಪ್. ಒಂದೇ ಒಂದು ಸ್ಕ್ರೂ ಬಿಚ್ಚಿ, ಪೆನ್ಸಿಲಿಗಿಂತ ಸಪೂರದ ಕಡ್ಡಿಯೊಂದನ್ನು ಹೊರತೆಗೆದು, ಉಕ್ಕಿನ ನಾರಿನಿಂದ ಉಜ್ಜಿ ಮತ್ತೆ ಕೂರಿಸಿದರು. 3.8. ಬೆಂಕಿ ನಿಂತಿತು.

ಇಬ್ಬರ ಅಂಗಿಯ ಮೇಲೂ ಕಂಪನಿಯ ಹೆಸರಿನ ಕಸೂತಿ ಇತ್ತು, ಇಬ್ಬರದೂ ಬಿಳಿ ವ್ಯಾನೇ. ಮೊದಲನೆಯವನನ್ನು ಮೋಸಗಾರ ಎನ್ನಲು ನನಗೆ ಮನಸ್ಸು ಬರಲಿಲ್ಲ. ಅವನಿಗೆ ಕಲಿಸಿದವರು ಯಾರು, ಏನನ್ನು ಕಲಿಸಿದರು ಎಂಬುದೇ ತಲೆಯಲ್ಲಿ ಉಳಿಯಿತು. ಸಾಫ್ಟ್‌ವೇರಿನಲ್ಲಿ ಕೂದಲು ನರೆಸಿಕೊಂಡ ನಾನು ಮುಂದಿನ ವರ್ಷ ಹತ್ತಿರದ ಕಮ್ಯುನಿಟಿ ಕಾಲೇಜೊಂದರ ಸಂಜೆ ತರಗತಿಗೆ ಹೆಸರು ಕೊಟ್ಟಿದ್ದು ಈ ಕುತೂಹಲದಿಂದಲೇ. ಅಲ್ಲಿ ಕಂಡದ್ದು, ಆಮೇಲೆ ಓದಿ ಕೇಳಿ ತಿಳಿದದ್ದು ಸೇರಿಸಿ ಬರೆಯುತ್ತಿದ್ದೇನೆ.

ಫರ್ನೇಸ್ ಎಂದರೆ ಊರಿನವರಿಗೆ ಕಬ್ಬಿಣ ಕರಗಿಸುವ ಕುಲುಮೆ ನೆನಪಾಗಬಹುದು. ಇದು ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಅಮೆರಿಕ, ಕೆನಡಾಗಳ ಚಳಿ ಸೀಮೆಯಲ್ಲಿ ಹೆಚ್ಚಿನ ಮನೆಗಳ ಬೇಸ್‌ಮೆಂಟಿನಲ್ಲಿ ಒಂದು ಇರುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಇದರೊಳಗೆ ಉರಿಯುತ್ತದೆ. ಉರಿಯ ಹೊಗೆ ಲೋಹದ ಸುರಂಗಗಳ ಒಳಗೆ ಹಾದು ಮನೆಯ ಹೊರಗೆ ಹೋಗುತ್ತದೆ. ಅದೇ ಸುರಂಗಗಳ ಹೊರಮೈಯನ್ನು ಸವರಿಕೊಂಡು ಹೋದ ಮನೆಯ ಗಾಳಿ ಬಿಸಿಯಾಗಿ, ಡಕ್ಟ್‌ಗಳಲ್ಲಿ ಹರಿದು ಕೋಣೆಕೋಣೆಯ ನೆಲದ ಜಾಲರಿಯಿಂದ ಏಳುತ್ತದೆ. ಆ ಲೋಹದ ಸುರಂಗಕ್ಕೆ ಹೀಟ್ ಎಕ್ಸ್‌ಚೇಂಜರ್ ಎಂದು ಹೆಸರು. ಉಸಿರಾಡುವ ಗಾಳಿಗೂ ವಿಷದ ಹೊಗೆಗೂ ನಡುವೆ ಇರುವುದು ಆ ತೆಳುವಾದ ತಗಡು ಮಾತ್ರ. ಅಮ್ಮ ಇಲ್ಲಿಗೆ ಬಂದಿದ್ದಾಗ ಅಡುಗೆಮನೆಯ ಜಾಲರಿಯ ಮೇಲೆ ಕಾಲಿಟ್ಟುಕೊಂಡು, "ಇದು ಹೊಗೆಯಿಲ್ಲದ ಬಚ್ಚಲೊಲೆ ಕಣೋ" ಎನ್ನುತ್ತಿದ್ದರು. ಹೊಗೆ ಇದೆ ಅಮ್ಮ, ಕಾಣುವುದಿಲ್ಲ ಅಷ್ಟೆ.

ಇದರ ಹಸಿವನ್ನೂ ನಮ್ಮ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ಗಂಟೆಗೆ ಒಂದು ಲಕ್ಷ ಬಿಟಿಯು (ಇಲ್ಲಿಯವರ ಶಾಖದ ಅಳತೆ) ಉರಿಸುವ ಫರ್ನೇಸ್ ಇಲ್ಲಿ ದೊಡ್ಡದೇನಲ್ಲ. ನಮ್ಮ 14.2 ಕಿಲೋ ಅಡುಗೆ ಸಿಲಿಂಡರನ್ನು ಅದಕ್ಕೆ ಹಚ್ಚಿದರೆ ಆರೇಳು ಗಂಟೆಯಲ್ಲಿ ಖಾಲಿ.

ಇಂಥ ಬೆಂಕಿಯನ್ನು ನೋಡಿಕೊಳ್ಳುವ ಕೆಲಸ ಕಾಲಕಾಲಕ್ಕೆ ಕೈ ಬದಲಿಸಿದೆ. 1883ರಲ್ಲಿ ವಿಸ್ಕಾನ್ಸಿನ್‌ನ ಪ್ರೊಫೆಸರ್ ವಾರನ್ ಜಾನ್ಸನ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದಾಗ ಅದು ಮಾಡುತ್ತಿದ್ದ ಕೆಲಸ ಇಷ್ಟೇ: ತರಗತಿ ತಣ್ಣಗಾದರೆ ಕೆಳಗಿರುವ ಜವಾನನಿಗೆ ಗಂಟೆ ಬಾರಿಸಿ ತಿಳಿಸುವುದು. ಕಲ್ಲಿದ್ದಲು ಹಾಕುವುದು, ಗಾಳಿ ಬಿಡುವುದು ಜವಾನನ ಕೈಯಲ್ಲೇ ಇತ್ತು. ಕೆಲವೇ ವರ್ಷಗಳಲ್ಲಿ ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಗಾಳಿಕಿಂಡಿಯನ್ನು ತಾನೇ ತೆರೆದು ಮುಚ್ಚುವ ಸಾಧನ ಮಾಡಿದ. ಮುಂದೆ ಹನಿವೆಲ್ ಆಗಿ ಬೆಳೆದ ಕಂಪನಿಯ ಬೇರು ಅಲ್ಲಿದೆ. 1919ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ಮೋರಿಸ್‌ಟೌನಿನ ಆಲಿಸ್ ಪಾರ್ಕರ್ ಎಂಬ ಕಪ್ಪು ಮಹಿಳೆ, ಬೇರೆಬೇರೆ ಕೋಣೆಗೆ ಬೇರೆಬೇರೆ ಬರ್ನರ್ ಇರುವ ಗ್ಯಾಸ್ ಫರ್ನೇಸಿನ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಕಲ್ಲಿದ್ದಲು ಹೋಗಿ ಅನಿಲ ಬಂದಮೇಲೆ ದಶಕಗಟ್ಟಲೆ ಫರ್ನೇಸಿನ ಕೆಲಸ ತಗಡಿನವರ ಕೈಯಲ್ಲಿತ್ತು. ಸದಾ ಉರಿಯುವ ಪೈಲಟ್ ಎಂಬ ನಂದಾದೀಪ, ಅದರ ಬಿಸಿಗೆ ಮೂವತ್ತು ಮಿಲಿವೋಲ್ಟಿನಷ್ಟು ವಿದ್ಯುತ್ ಹುಟ್ಟಿಸುವ ಥರ್ಮೋಕಪಲ್, ಒಂದು ವಾಲ್ವ್, ಒಂದು ಫ್ಯಾನು. ಡಕ್ಟ್ ಬಾಗಿಸಲು ಬಂದರೆ ಉಳಿದದ್ದನ್ನು ನೋಡಿ ಕಲಿಯಬಹುದಿತ್ತು.

ನಂದಾದೀಪ ಆರಿ ಎಲೆಕ್ಟ್ರಾನಿಕ್ ಬೋರ್ಡ್ ಬಂದದ್ದೇ ಆ ಕಾಲ ಮುಗಿಯಿತು. ಈಗಿನ ಫರ್ನೇಸ್ ಹೊತ್ತಿಕೊಳ್ಳುವ ಮೊದಲು ಸಾಕ್ಷಿಗಳನ್ನು ಕರೆಯುತ್ತದೆ. ಥರ್ಮೋಸ್ಟಾಟ್ ಬಿಸಿ ಬೇಕೆಂದು 24 ವೋಲ್ಟಿನ ಕರೆ ಕಳಿಸುತ್ತದೆ. ಬೋರ್ಡ್ ಮೊದಲು ಪ್ರೆಷರ್ ಸ್ವಿಚ್ ತೆರೆದಿದೆಯೇ ಎಂದು ನೋಡುತ್ತದೆ. ಫ್ಯಾನು ತಿರುಗುವ ಮೊದಲೇ ಅದು ಮುಚ್ಚಿದ್ದರೆ ಯಾರೋ ಅದನ್ನು ಬೆಸೆದಿದ್ದಾರೆ ಅಥವಾ ಅದು ಅಂಟಿಕೊಂಡಿದೆ ಎಂದರ್ಥ. ಆಮೇಲೆ ಹೊಗೆ ಎಳೆಯುವ ಚಿಕ್ಕ ಫ್ಯಾನು ತಿರುಗುತ್ತದೆ. ಹೊಗೆದಾರಿ ತೆರವಾಗಿದ್ದರೆ ಮಾತ್ರ ಸಾಕಷ್ಟು ಎಳೆತ ಹುಟ್ಟಿ ಸ್ವಿಚ್ ಮುಚ್ಚಿಕೊಳ್ಳುತ್ತದೆ. ಇಗ್ನೈಟರ್ ಕೆಂಡದಂತೆ ಕಾಯುತ್ತದೆ. ಗ್ಯಾಸ್ ವಾಲ್ವ್ ತೆರೆಯುತ್ತದೆ, ಬೆಂಕಿ ಹತ್ತುತ್ತದೆ. ಬೆಂಕಿ ಹತ್ತಿದೆ ಎಂಬುದಕ್ಕೂ ಕೆಲವೇ ಸೆಕೆಂಡಿನೊಳಗೆ ಪುರಾವೆ ಬೇಕು. ಇಲ್ಲವಾದರೆ ವಾಲ್ವ್ ಮುಚ್ಚುತ್ತದೆ. ಪುರಾವೆ ಸಿಕ್ಕಿತೋ, ಅರ್ಧ ನಿಮಿಷ ಕಳೆದು ದೊಡ್ಡ ಬ್ಲೋವರ್ ಮನೆಯ ಗಾಳಿಯನ್ನು ನೂಕುತ್ತದೆ.

ಆ ಪುರಾವೆ ಒದಗಿಸುವ ವಿಧಾನ ನನಗೆ ಇಂದಿಗೂ ಬೆರಗು. ಬೆಂಕಿಯ ನಾಲಗೆ ವಿದ್ಯುತ್ತನ್ನು ಹರಿಯಬಿಡುತ್ತದೆ. ಬೆಂಕಿಯೊಳಗೆ ಒಂದು ಸಪೂರ ಕಡ್ಡಿ ಇಟ್ಟು ಅದಕ್ಕೆ ಎಸಿ ವಿದ್ಯುತ್ ಕೊಟ್ಟರೆ, ಕಡ್ಡಿ ಚಿಕ್ಕದು, ಎದುರಿನ ಬರ್ನರ್ ದೊಡ್ಡದು ಆದ್ದರಿಂದ, ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿದು, ಕೆಲವೇ ಮೈಕ್ರೋಆಂಪಿನ ಡಿಸಿ ಉಳಿಯುತ್ತದೆ. ಬೋರ್ಡ್ ನಂಬುವುದು ಅದನ್ನು ಮಾತ್ರ. ಕಡ್ಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿದರೆ ಎದುರಿಗೇ ಧಗಧಗ ಉರಿಯುವ ಬೆಂಕಿಯೂ ಬೋರ್ಡಿಗೆ ಕಾಣದು. ನಮ್ಮ ಮನೆಯಲ್ಲಿ ಆದದ್ದು ಇದೇ. ಹಳೆಯ ತಲೆಮಾರಿನ ಕಣ್ಣು, ಕಿವಿ, ಮೂಗು ಇಲ್ಲಿ ಸಾಲುವುದಿಲ್ಲ. ಮೈಕ್ರೋಆಂಪನ್ನು ಅಳೆದೇ ನೋಡಬೇಕು.

ನಮ್ಮ ಸಂಜೆ ತರಗತಿಯ ಮೇಷ್ಟ್ರು ಮೂವತ್ತು ವರ್ಷ ವ್ಯಾನಿನಲ್ಲಿ ಓಡಾಡಿದವರು. ಪ್ರಯೋಗಶಾಲೆಯ ಗೋಡೆಯುದ್ದಕ್ಕೂ ಎಂಟು ಫರ್ನೇಸ್, ಎಲ್ಲವೂ ನಿಜವಾಗಿ ಉರಿಯುವಂಥವು. ನಾವು ಕಾಫಿಗೆ ಹೋದಾಗ ಅವರು ಒಂದೊಂದಕ್ಕೆ ಒಂದೊಂದು ದೋಷ ಹಾಕಿಡುತ್ತಿದ್ದರು: ರಬ್ಬರ್ ಕೊಳವೆಯೊಳಗೆ ಹತ್ತಿಯ ಉಂಡೆ, ಸಡಿಲಾದ ಅರ್ತ್ ತಂತಿ, ಗಾಳಿ ಸೇದುವ ಪೈಪಿನ ಬಾಯಿಗೆ ರಟ್ಟು. ನಿಯಮ ಒಂದೇ. ಬೆಂಕಿಯ ಸುತ್ತು ಎಲ್ಲಿಯವರೆಗೆ ಬಂದು ನಿಂತಿತು ಎಂದು ಹಾಳೆಯ ಮೇಲೆ ಬರೆಯುವ ತನಕ ಯಾರೂ ಏನನ್ನೂ ಮುಟ್ಟುವಂತಿಲ್ಲ. ಒಂದು ದಿನ ನಮ್ಮ ಫರ್ನೇಸ್ ಹತ್ತು ನಿಮಿಷ ಚೆನ್ನಾಗಿ ಉರಿದು ನಂದುತ್ತಿತ್ತು. ನಾನು, ಲಾರಿ ಓಡಿಸಿ ಬೇಸತ್ತು ಬಂದಿದ್ದ ಒಬ್ಬರು, ಹತ್ತೊಂಬತ್ತರ ಒಬ್ಬ ಹುಡುಗ ಮೂವರೂ ಸೇರಿ ಲಿಮಿಟ್ ಸ್ವಿಚ್ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಹೊಸದನ್ನು ಹಾಕಿದೆವು. ಮತ್ತೆ ನಂದಿತು. ಮೇಷ್ಟ್ರು ಬಂದು ಫಿಲ್ಟರಿನ ಹಿಂದಿನಿಂದ ಹಳೆಯ ಟವೆಲೊಂದನ್ನು ಎಳೆದು ನಮ್ಮ ಕೈಗಿತ್ತರು. ಗಾಳಿ ಸಾಲದೆ ಪೆಟ್ಟಿಗೆ ಕಾದು, ಸ್ವಿಚ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ದೂರು ಕೊಟ್ಟವನನ್ನೇ ನಾವು ಜೈಲಿಗೆ ಹಾಕಿದ್ದೆವು.

ಈ ವೃತ್ತಿಯ ದೊಡ್ಡ ರೋಗ ಇದೇ ಎಂದು ನನಗನ್ನಿಸುತ್ತದೆ. ದೋಷಸಂಕೇತ ಪ್ರೆಷರ್ ಸ್ವಿಚ್ ಎಂದು ಹೇಳಿತೋ, ಸ್ವಿಚ್ ಬದಲಿಸು. ನೀರು ಕಟ್ಟಿದ ಕೊಳವೆ, ಹೊಗೆಪೈಪಿನ ಬಾಯಿಗೆ ಕಟ್ಟಿದ ಹಿಮ, ಹಕ್ಕಿಗೂಡು ಇವನ್ನೆಲ್ಲ ಹುಡುಕುವ ಗೋಜಿಲ್ಲ. ಹೊಸ ಸ್ವಿಚ್ಚೂ ಎರಡು ದಿನದಲ್ಲಿ ಅದನ್ನೇ ಹೇಳುತ್ತದೆ. ಇಲ್ಲಿಯವರು ಇಂಥವರಿಗೆ ಬಿಡಿಭಾಗ ಬದಲಿಸುವವರು ಎಂದು ಮೂದಲಿಕೆಯ ಹೆಸರಿಟ್ಟಿದ್ದಾರೆ. ಹೆಸರಿಟ್ಟರೆ ರೋಗ ಹೋಗುವುದಿಲ್ಲ.

ಹಾಗಾದರೆ ಕಲಿಸುವವರು ಯಾರು? ಅಮೆರಿಕದ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಏಸಿಯೊಳಗಿನ ತಂಪುಗೊಳಿಸುವ ಅನಿಲವನ್ನು ಮುಟ್ಟಬೇಕಾದರೆ ಕೇಂದ್ರದ ಪರಿಸರ ಸಂಸ್ಥೆ ಮಾನ್ಯ ಮಾಡಿದ ಪ್ರಮಾಣಪತ್ರ ಇರಲೇಬೇಕು. 1994ರಿಂದ ಅದು ಕಡ್ಡಾಯ. ಓಝೋನ್ ಪದರದ ಕಾಳಜಿ. ಮನೆಯೊಳಗೆ ಬೆಂಕಿ ಹೊತ್ತಿಸುವ ಯಂತ್ರವನ್ನು ಬಿಚ್ಚುವವನಿಗೆ ಅಂಥ ಕೇಂದ್ರ ಪ್ರಮಾಣಪತ್ರ ಯಾವುದೂ ಇಲ್ಲ. ಅದು ರಾಜ್ಯಗಳಿಗೆ ಬಿಟ್ಟದ್ದು. ಮ್ಯಾಸಚೂಸೆಟ್ಸ್‌ನಲ್ಲಿ ಗ್ಯಾಸ್ ಫಿಟ್ಟರ್ ಅಥವಾ ಪ್ಲಂಬರ್ ಲೈಸೆನ್ಸ್ ಇಲ್ಲದೆ ಗ್ಯಾಸ್ ಪೈಪಿಗೆ ಕೈ ಹಚ್ಚುವಂತಿಲ್ಲ. ನಾನಿರುವ ಇಲಿನಾಯ್‌ನಲ್ಲಿ ಪ್ಲಂಬರ್‌ಗೆ ರಾಜ್ಯದ ಲೈಸೆನ್ಸ್ ಬೇಕು, ಫರ್ನೇಸಿನವನಿಗೆ ಬೇಡ. ಆಯಾ ಊರಿನ ನಗರಾಡಳಿತ ಏನು ಕೇಳುತ್ತದೋ ಅಷ್ಟು. ಕೊಳಾಯಿ ಸೋರಿದರೆ ನೆಲ ಒದ್ದೆಯಾಗುತ್ತದೆ, ಹೊಗೆ ಸೋರಿದರೆ ಜನ ನಿದ್ದೆಯಿಂದ ಏಳುವುದಿಲ್ಲ. ಲೈಸೆನ್ಸಿನ ತಕ್ಕಡಿ ಯಾವ ಕಡೆ ವಾಲಿದೆ ನೋಡಿ.

ಗಡಿ ದಾಟಿ ಒಂಟಾರಿಯೊಗೆ ಹೋದರೆ ಚಿತ್ರವೇ ಬೇರೆ. ಅಲ್ಲಿ ಗ್ಯಾಸ್ ಟೆಕ್ನಿಷಿಯನ್‌ಗಳಿಗೆ ಮೂರು ಮೆಟ್ಟಿಲು: ಜಿ3, ಜಿ2, ಜಿ1. ಜಿ3 ಆದವರು ಮೇಲಿನವರ ಉಸ್ತುವಾರಿಯಲ್ಲಿ ಕೆಲಸ ಮಾಡಬೇಕು. ಜಿ2 ಆದವರು ಗಂಟೆಗೆ ನಾಲ್ಕು ಲಕ್ಷ ಬಿಟಿಯು ತನಕದ ಉಪಕರಣಗಳನ್ನು ಸ್ವತಂತ್ರವಾಗಿ ನೋಡಬಹುದು, ಅಂದರೆ ಮನೆಗಳೆಲ್ಲ ಬಂದಂತೆ. ಟೊರಾಂಟೊ ಸುತ್ತಮುತ್ತ ನೆಲೆಸಿರುವ ನಮ್ಮವರು ಮನೆಗೆ ಬಂದವರ ಕಾರ್ಡ್ ಕೇಳಿ ನೋಡಬಹುದು. ಬ್ರಿಟನ್ನಿನಲ್ಲಿ ಹಾಗೆ ಕೇಳುವುದು ರೂಢಿಯೇ ಆಗಿದೆ. ಅಲ್ಲಿ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಗ್ಯಾಸ್ ಕೆಲಸ ಮಾಡುವುದು ಅಪರಾಧ. ಫೋಟೊ ಇರುವ ಕಾರ್ಡಿನ ಬೆನ್ನಿಗೆ ಯಾವ ಯಾವ ಉಪಕರಣ ಮುಟ್ಟಲು ಅರ್ಹತೆ ಇದೆ ಎಂಬ ಪಟ್ಟಿ ಇರುತ್ತದೆ. ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ.

ಬ್ರಿಟನ್ನಿಗೆ ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. 1968ರ ಮೇ 16ರ ಬೆಳಗ್ಗೆ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದ 18ನೇ ಮಹಡಿಯಲ್ಲಿ ಒಬ್ಬಾಕೆ ಚಹಾ ಮಾಡಲು ಕಡ್ಡಿ ಗೀರಿದರು. ಆಕೆ ಬದುಕಿದರು, ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನ ತನಕ ಕುಸಿಯಿತು, ನಾಲ್ವರು ಸತ್ತರು. ಒಲೆಗೆ ಗ್ಯಾಸ್ ತರುವ ಕೊಳವೆಯನ್ನು ಜೋಡಿಸಿದ್ದ ಹಿತ್ತಾಳೆಯ ನಟ್ಟೊಂದು ತೆಳುವಾಗಿದ್ದು ಒಡೆದಿತ್ತು. ಅದಾಗಿ ಎರಡು ವರ್ಷಕ್ಕೆ, 1970ರಲ್ಲಿ, ಗ್ಯಾಸ್ ಕೆಲಸಗಾರರನ್ನು ನೋಂದಾಯಿಸುವ ಕೋರ್ಗಿ ಎಂಬ ಮಂಡಳಿ ಹುಟ್ಟಿತು. 2009ರಲ್ಲಿ ಅದರ ಜಾಗಕ್ಕೆ ಗ್ಯಾಸ್ ಸೇಫ್ ಬಂತು. ಅಮೆರಿಕ ಇದಕ್ಕಿಂತ ಘೋರವಾದದ್ದನ್ನು ಕಂಡಿತ್ತು. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆ ಸಿಡಿದು ಸುಮಾರು 300 ಜನ, ಹೆಚ್ಚಿನವರು ಮಕ್ಕಳು, ಸತ್ತರು. ಖರ್ಚು ಉಳಿಸಲು ಶಾಲೆಯವರು ಎಣ್ಣೆಬಾವಿಯ ಉಳಿಕೆ ಅನಿಲದ ಕೊಳವೆಗೆ ಸಂಪರ್ಕ ಹಾಕಿಸಿದ್ದರು. ಅದು ಸೋರಿ ನೆಲದಡಿಯಲ್ಲಿ ತುಂಬಿಕೊಂಡಿತ್ತು. ಮೂಲ ಅನಿಲಕ್ಕೆ ವಾಸನೆ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಕಸುಬಿನ ತರಗತಿಯಲ್ಲಿ ಯಂತ್ರವೊಂದರ ಸ್ವಿಚ್ ಹಾಕಿದ್ದೇ ಕಿಡಿಯಾಯಿತು. ಕೊಳೆತ ಮೊಟ್ಟೆಯಂಥ ವಾಸನೆಯನ್ನು ಅನಿಲಕ್ಕೆ ಬೆರೆಸುವ ಕಾನೂನು ಟೆಕ್ಸಸ್‌ನಲ್ಲಿ ಬಂದದ್ದು ಇದರ ಬೆನ್ನಿಗೇ. ಅಮೆರಿಕ ಅನಿಲವನ್ನು ತಿದ್ದಿತು, ಬ್ರಿಟನ್ ಕೆಲಸಗಾರನನ್ನು ತಿದ್ದಿತು ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ತೀರಾ ಸುಳ್ಳಾಗದು.

ಕಡ್ಡಾಯ ಇಲ್ಲದ ಕಡೆ ಅಮೆರಿಕದಲ್ಲಿ ಕಲಿಕೆ ನಾಲ್ಕಾರು ತೊರೆಗಳಾಗಿ ಹರಿಯುತ್ತದೆ. ಎಲ್ಲಕ್ಕಿಂತ ಗಟ್ಟಿಯಾದದ್ದು 1937ರ ಕಾನೂನಿನ ಆಸರೆಯಲ್ಲಿ ನಡೆಯುವ ನೋಂದಾಯಿತ ಅಪ್ರೆಂಟಿಸ್‌ಶಿಪ್: ಮೂರರಿಂದ ಐದು ವರ್ಷ, ವರ್ಷಕ್ಕೆ 2000 ಗಂಟೆ ಸಂಬಳದ ಕೆಲಸ, 144 ಗಂಟೆಯಷ್ಟು ಪಾಠ. ಸಂಬಳ ತೆಗೆದುಕೊಂಡು ಕಲಿಯುವ ಇಂಥ ದಾರಿಯನ್ನು ಯೂನಿಯನ್‌ಗಳು ಚೆನ್ನಾಗಿ ನಡೆಸುತ್ತವೆ. ಆದರೆ ಯೂನಿಯನ್ನಿನವರು ಹೆಚ್ಚಾಗಿ ಆಸ್ಪತ್ರೆ, ಕಚೇರಿ, ಎತ್ತರದ ಕಟ್ಟಡಗಳ ಕಡೆ ಹೋಗುತ್ತಾರೆ. ಮನೆಗಳಿಗೆ ಬರುವವರು ಬಹುತೇಕ ಐದೋ ಹತ್ತೋ ವ್ಯಾನುಗಳ ಸಣ್ಣ ಕಂಪನಿಗಳ ಹುಡುಗರು. ಅವರ ಪಾಲಿಗೆ ಇರುವುದು ಕಮ್ಯುನಿಟಿ ಕಾಲೇಜು, ದುಬಾರಿ ಶುಲ್ಕದ ಖಾಸಗಿ ಟ್ರೇಡ್ ಸ್ಕೂಲು, ಅಥವಾ ಹಿರಿಯ ಮೆಕ್ಯಾನಿಕ್ಕನ ಪಕ್ಕದ ಸೀಟು.

ಪಕ್ಕದ ಸೀಟಿನ ಕಲಿಕೆಯನ್ನು ನಾನು ಹಗುರ ಮಾಡುವುದಿಲ್ಲ. ನಮ್ಮಲ್ಲಿ ಎಲ್ಲ ಕಸುಬೂ ಹಾಗೆಯೇ ಬಂದದ್ದು. ಹಿರಿಯನ ಕೈ ಪಳಗಿದ್ದರೆ ಹುಡುಗನದೂ ಪಳಗುತ್ತದೆ. ಹಿರಿಯನೇ ಮೂವತ್ತು ವರ್ಷದಿಂದ ಒತ್ತಡ ಅಳೆಯುವ ಮ್ಯಾನೋಮೀಟರ್ ಮುಟ್ಟದವನಾದರೆ? ತಪ್ಪೂ ವಂಶಪಾರಂಪರ್ಯವಾಗಿ ಬರುತ್ತದೆ. ತಯಾರಕರು ತಮ್ಮ ಡೀಲರುಗಳ ಹುಡುಗರಿಗೆ ಒಂದೆರಡು ದಿನದ ಪಾಠ ನಡೆಸುತ್ತಾರೆ. ತಮ್ಮ ಬೋರ್ಡಿನ ದೋಷಸಂಕೇತಗಳನ್ನು ಚೆನ್ನಾಗಿ ಹೇಳಿಕೊಡುತ್ತಾರೆ, ತಮ್ಮ ಪೆಟ್ಟಿಗೆಯಾಚೆಗಿನ ಡಕ್ಟಿನ ಬಗ್ಗೆ ಕಡಿಮೆ. 1997ರಿಂದ ನೇಟ್ ಎಂಬ ಸಂಸ್ಥೆ ನಡೆಸುತ್ತಿರುವ ಪರೀಕ್ಷೆಗಳಲ್ಲಿ ಗ್ಯಾಸ್ ಫರ್ನೇಸಿಗೇ ಒಂದು ಪತ್ರಿಕೆ ಇದೆ. ಆದರೆ ಅದು ಸ್ವಇಚ್ಛೆಯದು, ಉತ್ತರ ಆರಿಸುವ ಬಗೆಯದು. ಆರಿಸಲು ಬಂದವನಿಗೆ ಅಳೆಯಲು ಬರುತ್ತದೆಯೇ ಎಂದು ಕಂಪ್ಯೂಟರ್ ಪರದೆ ಹೇಳಲಾರದು. ಈಚೆಗೆ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಕನ್ನಡಕದಲ್ಲೂ ಫರ್ನೇಸ್ ರಿಪೇರಿ ಕಲಿಸುತ್ತಿದ್ದಾರೆ. ಸುತ್ತಿನ ಕ್ರಮ ಬಾಯಿಪಾಠವಾಗಲು ಒಳ್ಳೆಯದು. ತಗಡಿನ ಅಂಚು ಬೆರಳು ಕೊಯ್ಯುವುದು ಅದರಲ್ಲಿ ಗೊತ್ತಾಗದು.

ಹಣದ ಪ್ರಶ್ನೆಯನ್ನು ಬಿಟ್ಟು ಇದನ್ನೆಲ್ಲ ಮಾತಾಡುವುದು ಆತ್ಮವಂಚನೆ. ಕಾರ್ಮಿಕ ಅಂಕಿಅಂಶಗಳ ಇಲಾಖೆಯ ಪ್ರಕಾರ 2023ರ ಮೇನಲ್ಲಿ ಈ ವೃತ್ತಿಯವರ ಮಧ್ಯಮ ವಾರ್ಷಿಕ ಸಂಬಳ 57,300 ಡಾಲರ್. ಡಿಗ್ರಿಯ ಸಾಲವಿಲ್ಲದೆ ಇಷ್ಟು ದುಡಿಯುವುದು ಸಣ್ಣ ಮಾತಲ್ಲ. ಆದರೆ ಎಷ್ಟೋ ಕಂಪನಿಗಳಲ್ಲಿ ಹುಡುಗ ಮಾರಿದ ಹೊಸ ಫರ್ನೇಸಿಗೆ ಕಮಿಷನ್ ಉಂಟು, ಉಜ್ಜಿ ಸರಿಮಾಡಿದ ಕಡ್ಡಿಗೆ ಇಲ್ಲ. ಕಲಿಕೆಯ ಹೆಸರಿನಲ್ಲಿ ನಡೆಯುವ ಬೆಳಗಿನ ಸಭೆಗಳಲ್ಲಿ ಮನೆಯವರ ಜತೆ ಹೇಗೆ ಮಾತಾಡಬೇಕು, ಆಯ್ಕೆಗಳನ್ನು ಯಾವ ಕ್ರಮದಲ್ಲಿ ತೋರಿಸಬೇಕು ಎನ್ನುವುದೇ ಪಾಠ. ನನ್ನ ಜತೆ ಕಲಿಯುತ್ತಿದ್ದ ಹತ್ತೊಂಬತ್ತರ ಹುಡುಗ ಕೆಲಸಕ್ಕೆ ಸೇರಿ ಎರಡು ತಿಂಗಳಿಗೆ ಸಿಕ್ಕಿದ್ದ. ಮೀಟರನ್ನು ದಿನಕ್ಕೆ ಎಷ್ಟು ಸಲ ತೆಗೆಯುತ್ತೀಯಪ್ಪ ಎಂದರೆ ನಕ್ಕ. ಒಂದು ಮನೆಗೆ ನಲವತ್ತೈದು ನಿಮಿಷ ಕೊಟ್ಟಿದ್ದಾರೆ ಅಂಕಲ್, ಅದರಲ್ಲಿ ಇಪ್ಪತ್ತು ಟ್ಯಾಬ್ಲೆಟ್ಟಿಗೆ ಹೋಗುತ್ತದೆ ಎಂದ.

ರಿಪೇರಿಯ ಕಥೆ ಇಷ್ಟಾದರೆ, ಹೊಸದನ್ನು ಕೂರಿಸುವ ಕೆಲಸದಲ್ಲಿ ಉದಾಸೀನ ಇನ್ನೂ ಹೆಚ್ಚು. ಮನೆಗೆ ಎಷ್ಟು ಬಿಸಿ ಬೇಕು ಎಂದು ಗೋಡೆ, ಕಿಟಕಿ, ಛಾವಣಿ ಅಳೆದು ಲೆಕ್ಕ ಹಾಕುವ ವಿಧಾನಕ್ಕೆ ಇಲ್ಲಿ ಮ್ಯಾನ್ಯುಯಲ್ ಜೆ ಎನ್ನುತ್ತಾರೆ. ಡಕ್ಟ್ ಲೆಕ್ಕಕ್ಕೆ ಮ್ಯಾನ್ಯುಯಲ್ ಡಿ. ಕಾಲೇಜಿನಲ್ಲಿ ಎರಡನ್ನೂ ಕಲಿಸುತ್ತಾರೆ. ಹೊರಗೆ ಬಂದಮೇಲೆ ಹಳೆಯ ಪೆಟ್ಟಿಗೆಯ ಮೇಲೆ ಬರೆದಷ್ಟೇ ದೊಡ್ಡದನ್ನು, ಸಾಲದಿದ್ದರೆ ಕಷ್ಟ ಎಂದು ಒಂದು ಅಳತೆ ಹೆಚ್ಚಿನದನ್ನು ತಂದಿಡುತ್ತಾರೆ. ದೊಡ್ಡ ಫರ್ನೇಸ್ ಐದು ನಿಮಿಷ ಅಬ್ಬರಿಸಿ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಥರ್ಮೋಸ್ಟಾಟ್ ಇರುವ ಹಾಲ್ ಬೆಚ್ಚಗೆ, ಮೂಲೆಯ ಮಲಗುವ ಕೋಣೆ ತಣ್ಣಗೆ. ಡಕ್ಟುಗಳ ಬಿರುಕುಗಳಲ್ಲಿ ಸಾಮಾನ್ಯ ಮನೆಯ ಗಾಳಿಯ ನೂರಕ್ಕೆ 20ರಿಂದ 30 ಪಾಲು ದಾರಿಯಲ್ಲೇ ಪೋಲಾಗುತ್ತದೆ ಎಂದು ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ. ಪೆಟ್ಟಿಗೆಯ ಮೇಲೆ ದಕ್ಷತೆ 96 ಪರ್ಸೆಂಟ್ ಎಂದು ಬರೆದಿದ್ದರೂ ಕೋಣೆಗೆ ಬಂದು ಸೇರುವುದು ಎಷ್ಟು?

ಇದಕ್ಕೆ ಬೇಕಾದ ಪರೀಕ್ಷೆಗಳಲ್ಲಿ ಒಂದಕ್ಕೆ ಉಪಕರಣವೇ ಬೇಡ. ಹೊರಗಿನ ಗ್ಯಾಸ್ ಮೀಟರಿನ ಪುಟ್ಟ ಮುಳ್ಳು ಒಂದು ಸುತ್ತು ಬಂದರೆ ಎರಡು ಘನ ಅಡಿ ಅನಿಲ ಹೋಯಿತು ಎಂದಿಟ್ಟುಕೊಳ್ಳಿ. ಮನೆಯ ಬೇರೆ ಗ್ಯಾಸ್ ಉಪಕರಣಗಳನ್ನೆಲ್ಲ ಆರಿಸಿ, ಫರ್ನೇಸ್ ಒಂದನ್ನೇ ಉರಿಸಿ, ಕೈಗಡಿಯಾರ ಹಿಡಿದು ನಿಲ್ಲಬೇಕು. ಸುತ್ತಿಗೆ 72 ಸೆಕೆಂಡ್ ಹಿಡಿದರೆ ಗಂಟೆಗೆ 100 ಘನ ಅಡಿ. ಘನ ಅಡಿಗೆ ಸುಮಾರು 1000 ಬಿಟಿಯು ಎಂದರೆ ಗಂಟೆಗೆ ಒಂದು ಲಕ್ಷ. ಫಲಕದ ಮೇಲೆ 80,000 ಎಂದಿದ್ದರೆ ಬೆಂಕಿ ಮಿತಿಮೀರಿ ಉರಿಯುತ್ತಿದೆ. ಬರ್ನರಿಗೆ ಹೋಗುವ ಒತ್ತಡ ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ 3.5 ಇಂಚು ನೀರಿನ ಎತ್ತರದಷ್ಟು ಇರಬೇಕು. ಮ್ಯಾನೋಮೀಟರ್ ಹಾಕಿ ನೋಡಿ ಒಂದು ಸ್ಕ್ರೂ ತಿರುಗಿಸಿದರೆ ಸರಿಯಾಗುತ್ತದೆ. ಒಳಹೋಗುವ ಗಾಳಿ 68 ಡಿಗ್ರಿ ಫ್ಯಾರನ್‌ಹೀಟ್, ಹೊರಬರುವುದು 118 ಆದರೆ ಏರಿಕೆ 50. ಫಲಕ 35ರಿಂದ 65 ಎಂದರೆ ಒಳ್ಳೆಯದು. ಏರಿಕೆ 80 ಆಗಿದ್ದರೆ ಲೋಹ ವರ್ಷಗಟ್ಟಲೆ ಬೆಂದು ಬಿರುಕು ಬಿಡುವ ದಾರಿ ಹಿಡಿದಿದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ನಮ್ಮ ಬೀದಿಯ ಆರೇಳು ಮನೆಗಳಲ್ಲಿ ಕೇಳಿ ನೋಡಿದೆ. ಹೊಸ ಫರ್ನೇಸ್ ಕೂರಿಸಿದವರು ಹೊರಗೆ ಹೋಗಿ ಮೀಟರ್ ನೋಡಿದ್ದನ್ನು ಕಂಡವರು ಯಾರೂ ಇರಲಿಲ್ಲ.

ಒಂದು ಪೆಟ್ಟಿಗೆಯನ್ನು ಮಾತ್ರ ಕಲಿತವನಿಗೆ ಮನೆ ಕಾಣುವುದಿಲ್ಲ ಎನ್ನಲು ಇಲ್ಲಿ ಒಳ್ಳೆಯ ಉದಾಹರಣೆ ಇದೆ. ಹಳೆಯ 80 ಪರ್ಸೆಂಟ್ ಫರ್ನೇಸೂ ನೀರು ಕಾಯಿಸುವ ಹೀಟರೂ ಒಂದೇ ಚಿಮಣಿಗೆ ಹೊಗೆ ಬಿಡುತ್ತಿರುತ್ತವೆ. ಹೊಸದು ಕಂಡೆನ್ಸಿಂಗ್ ಫರ್ನೇಸ್. ಹೊಗೆಯಲ್ಲಿರುವ ನೀರಾವಿಯನ್ನೂ ತಣಿಸಿ ಅದರ ಬಿಸಿ ಹಿಂಡಿಕೊಳ್ಳುವ ಇದರ ಹೊಗೆ ಎಷ್ಟು ತಣ್ಣಗೆಂದರೆ ಪಿವಿಸಿ ಪೈಪಿನಲ್ಲಿ ಗೋಡೆಯ ಪಕ್ಕಕ್ಕೆ ಬಿಡಬಹುದು. ಒಳಗೆ ಹುಟ್ಟುವ ಹುಳಿನೀರು ಬಸಿದುಹೋಗಲು ಪೈಪಿಗೆ ಸರಿಯಾದ ಇಳಿಜಾರು ಕೊಡಬೇಕು, ಚಳಿಯಲ್ಲಿ ಅದು ಹೆಪ್ಪುಗಟ್ಟದಂತೆ ನೋಡಬೇಕು, ಇದನ್ನೆಲ್ಲ ಕಲಿಸುತ್ತಾರೆ. ಆದರೆ ಫರ್ನೇಸ್ ಚಿಮಣಿ ಬಿಟ್ಟುಹೋದ ಮೇಲೆ ಅಲ್ಲಿ ಒಂಟಿಯಾಗಿ ಉಳಿದ ಹೀಟರನ್ನು ಇಲ್ಲಿಯವರು ಅನಾಥ ಎನ್ನುತ್ತಾರೆ. ಅಷ್ಟು ದೊಡ್ಡ ತಣ್ಣನೆಯ ಚಿಮಣಿಯನ್ನು ಕಾಯಿಸುವ ಶಕ್ತಿ ಅದರ ಪುಟ್ಟ ಉರಿಗಿಲ್ಲ. ಎಳೆತ ಸಾಲದೆ ಹೊಗೆ ಬೇಸ್‌ಮೆಂಟಿಗೇ ಮರಳುತ್ತದೆ. ಚಿಮಣಿಯೊಳಗೆ ಚಿಕ್ಕ ಕೊಳವೆ ಇಳಿಸಿದರೆ ಪರಿಹಾರ. ಅದನ್ನು ಹೇಳದೆ ಹೋದವನು ತನ್ನ ಪೆಟ್ಟಿಗೆಯ ಕೆಲಸವನ್ನು ಚೊಕ್ಕವಾಗಿ ಮುಗಿಸಿಯೇ ಹೋಗಿರುತ್ತಾನೆ.

ಹೀಗೆ ಮರಳುವ ಹೊಗೆಯಲ್ಲಿ ಇರಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಬೆಂಕಿ ಅನಾಹುತಗಳನ್ನು ಬಿಟ್ಟು, ಆಕಸ್ಮಿಕವಾಗಿ ಇದಕ್ಕೆ ಬಲಿಯಾಗುವ ಅಮೆರಿಕನ್ನರು ವರ್ಷಕ್ಕೆ 400ಕ್ಕೂ ಹೆಚ್ಚು ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರದ ಲೆಕ್ಕ. ಎಲ್ಲ ಸಾವೂ ಫರ್ನೇಸಿನದಲ್ಲ. ಜನರೇಟರ್, ಕಾರು ಸೇರಿವೆ. ಅಲಾರಂ ಇದೆಯಲ್ಲ ಎನ್ನಬಹುದು. ಮನೆಯ ಅಲಾರಮಿನ ಮಾನದಂಡದ ಪ್ರಕಾರ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 70 ಪಾಲು ವಿಷ ಇದ್ದರೂ ಅದು ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು; 30 ಪಾಲಿಗೆ ಕೂಗುವಂತೆಯೇ ಇಲ್ಲ. ಅದಕ್ಕೇ ಬಲ್ಲ ಟೆಕ್ನಿಷಿಯನ್‌ಗಳು ಚೀಲಕ್ಕೆ ತಮ್ಮದೇ ಪುಟ್ಟ ಮಾಪಕ ಸಿಕ್ಕಿಸಿಕೊಂಡು ಬಾಗಿಲಲ್ಲೇ ಓದಿಕೊಂಡು ಒಳಗೆ ಬರುತ್ತಾರೆ.

ಇಲ್ಲಿ ಕಲಿಕೆ ಎರಡು ಕಡೆಯಿಂದಲೂ ಸೋಲುತ್ತದೆ. ಅಳೆಯದವನು ನಿಜವಾದ ವಿಷವನ್ನು ಕಾಣದೆ ಹೋಗುತ್ತಾನೆ. ಅಳೆಯದ ಇನ್ನೊಬ್ಬ ಹೀಟ್ ಎಕ್ಸ್‌ಚೇಂಜರಿನ ಮೇಲಿನ ತುಕ್ಕಿನ ಗೆರೆಗೆ ಬಿರುಕು ಎಂದು ಹೆಸರಿಟ್ಟು, ಮಕ್ಕಳಿರುವ ಮನೆ ಎಂದು ಹೆದರಿಸಿ ಹೊಸದನ್ನು ಮಾರುತ್ತಾನೆ. ಹೊಗೆಯೊಳಗೆ ಅನಿಲ ಅಳೆಯುವ ಅನಲೈಸರಿನ ಕಡ್ಡಿ ಇಟ್ಟು, ಬ್ಲೋವರ್ ಶುರುವಾಗುವ ಮೊದಲು ಮತ್ತು ಆಮೇಲೆ ಅಂಕಿ ಬದಲಾಗುತ್ತದೆಯೇ ಎಂದು ನೋಡಿ, ಆ ಕಾಗದವನ್ನು ಮನೆಯವರ ಕೈಗೆ ಕೊಟ್ಟರೆ ಇಬ್ಬರಿಗೂ ನೆಮ್ಮದಿ. ನಮ್ಮ ತರಗತಿಯಲ್ಲಿ ಇಪ್ಪತ್ತೆರಡು ಜನಕ್ಕೆ ಇದ್ದ ಅನಲೈಸರ್ ಒಂದು.

ಈಗ ಈ ವಿದ್ಯೆ ಕಲಿತು ಏನು ಪ್ರಯೋಜನ, ಫರ್ನೇಸೇ ಹೋಗುತ್ತಿದೆಯಲ್ಲ ಎಂಬ ಮಾತೂ ಉಂಟು. 2022ರಲ್ಲಿ ಅಮೆರಿಕದಲ್ಲಿ ಗ್ಯಾಸ್ ಫರ್ನೇಸಿಗಿಂತ, ವಿದ್ಯುತ್ತಿನಿಂದ ಮನೆ ಬಿಸಿಮಾಡುವ ಹೀಟ್ ಪಂಪುಗಳು ಹೆಚ್ಚು ಮಾರಾಟವಾದವು. 2023ರಲ್ಲಿ ಇಂಧನ ಇಲಾಖೆ, 2028ರ ಕೊನೆಯಿಂದ ತಯಾರಾಗುವ ಮನೆಯ ಗ್ಯಾಸ್ ಫರ್ನೇಸ್‌ಗಳ ದಕ್ಷತೆ 95 ಪರ್ಸೆಂಟ್ ಇರಬೇಕೆಂದು ನಿಯಮ ತಂದಿತು; ಅನಿಲ ಉದ್ಯಮದವರು ಕೋರ್ಟಿಗೆ ಹೋದರು. ಕೆನಡಾ ಆ ಮಟ್ಟವನ್ನು 2019ರಲ್ಲೇ ಕಡ್ಡಾಯ ಮಾಡಿಯಾಗಿದೆ. ಆದರೆ ಇವತ್ತು ಕೂರಿಸಿದ ಫರ್ನೇಸ್ ಇನ್ನು ಹದಿನೈದು ಇಪ್ಪತ್ತು ವರ್ಷ ಉರಿಯುತ್ತದೆ. ಚಳಿ ವಿಪರೀತವಾದಾಗ ಫರ್ನೇಸ್, ಉಳಿದಾಗ ಹೀಟ್ ಪಂಪ್ ಎಂದು ಎರಡನ್ನೂ ಒಂದೇ ಡಕ್ಟಿಗೆ ಕಟ್ಟುವ ಮನೆಗಳೂ ಹೆಚ್ಚುತ್ತಿವೆ. ಹೀಟ್ ಪಂಪು ಗಾಳಿಯನ್ನು ಹಗುರವಾಗಿ ಬಿಸಿಮಾಡುವುದರಿಂದ ಡಕ್ಟಿನ ತಪ್ಪುಗಳನ್ನು ಇನ್ನೂ ಕಡಿಮೆ ಸಹಿಸುತ್ತದೆ. ಬೆಂಕಿ ಹೋದರೂ ಅಳೆಯುವ ಕೆಲಸ ಉಳಿಯುತ್ತದೆ.

ನಮ್ಮೂರಿನಲ್ಲಿ ಫರ್ನೇಸಿಲ್ಲ, ಪುಣ್ಯ. ಆದರೆ ಬೆಂಗಳೂರಿನ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಇದೆ. ಹೊಗೆಕೊಳವೆ ಇಲ್ಲದ ಪೆಟ್ಟಿಗೆ, ಚಿಲಕ ಹಾಕಿದ ಬಾಗಿಲು, ಚಳಿಯೆಂದು ಮುಚ್ಚಿದ ಗವಾಕ್ಷಿ. ಉರಿ ಕೋಣೆಯ ಆಮ್ಲಜನಕವನ್ನೇ ತಿಂದು ಅರೆಬರೆ ಉರಿಯತೊಡಗಿದಾಗ ಇದೇ ವಿಷ ಹುಟ್ಟುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲ ಓದುತ್ತೇವೆ. ಗೀಸರ್ ಕೂರಿಸುವವನು ಸಾಮಾನ್ಯವಾಗಿ ಅಂಗಡಿಯಿಂದ ಬಂದ ಹುಡುಗ. ಡ್ರಿಲ್ಲು, ನಾಲ್ಕು ಸ್ಕ್ರೂ, ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದರೆ ಅದೇ ಹೆಚ್ಚು. ನಮ್ಮ ಐಟಿಐಗಳಲ್ಲಿ ಫ್ರಿಜ್ಜು, ಏಸಿಗೆ ಎರಡು ವರ್ಷದ ಟ್ರೇಡ್ ಇದೆ. ಕೊಳವೆ ಗ್ಯಾಸ್ ಬೀದಿಬೀದಿಗೆ ಬರುತ್ತಿರುವ ಈ ಹೊತ್ತಿನಲ್ಲಿ, ಉರಿಗೆ ಎಷ್ಟು ಗಾಳಿ ಬೇಕು, ಹೊಗೆ ಎಲ್ಲಿ ಹೋಗಬೇಕು ಎಂಬುದನ್ನು ಗಟ್ಟಿಯಾಗಿ ಕಲಿಸುವ ತರಗತಿ ಆ ಅಂಗಡಿಯ ಹುಡುಗನಿಗೂ ಸಿಗುವಂತಾದರೆ ಅದಕ್ಕೆ ಕಟ್ಟಡ ಕಟ್ಟಬೇಕಾಗಿಲ್ಲ, ಪಠ್ಯದಲ್ಲಿ ಕೆಲವು ವಾರ ಸಾಕು.

ಆ ರಾತ್ರಿ ಕಡ್ಡಿ ಉಜ್ಜಿದ ಹಿರಿಯರು ಹೊರಡುವ ಮುಂಚೆ ಮಾರ್ಕರ್ ತೆಗೆದು ಫರ್ನೇಸಿನ ಬಾಗಿಲ ಒಳಮೈಗೆ ನಾಲ್ಕು ಅಂಕಿ ಬರೆದಿದ್ದರು. 30 ಜನವರಿ 2019. ಒತ್ತಡ 3.5. ಏರಿಕೆ 52. ಬೆಂಕಿ 3.8. ಮುಂದಿನ ಎರಡು ವರ್ಷವೂ ಅವರೇ ಬಂದರು, ಕೆಳಗೆ ಎರಡು ಸಾಲು ಸೇರಿದವು. ಆಮೇಲೆ ಅವರು ನಿವೃತ್ತರಾದರು. ಕಳೆದ ಅಕ್ಟೋಬರಿನಲ್ಲಿ ವಾರ್ಷಿಕ ತಪಾಸಣೆಗೆ ಬಂದ ಹುಡುಗ ಬಾಗಿಲು ಬಿಚ್ಚಿ, ಅಂಕಿಗಳಿರುವ ಮೈಯನ್ನು ಗೋಡೆಗೆ ಒರಗಿಸಿಟ್ಟು, ಫಿಲ್ಟರ್ ಬದಲಿಸಿ, ಬಾಗಿಲು ಮುಚ್ಚಿ, ಸಹಿಗೆಂದು ಟ್ಯಾಬ್ಲೆಟ್ ನನ್ನ ಮುಂದೆ ಹಿಡಿದ. ಹನ್ನೊಂದು ನಿಮಿಷವಾಗಿತ್ತು. ಅವನು ಹೋದಮೇಲೆ ನನ್ನ ಹಳೆಯ ಮೀಟರ್ ಹುಡುಕಿ ತಂದು, ಬಕೆಟ್ ಬೋರಲು ಹಾಕಿ ಕೂತೆ. 1.9.